ದಾಳಿಂಬೆಯ ಕೆಂಪೂ ಸಾಬೂನಿನ ಬಣ್ಣವೂ

ಐಹೊಳೆಯ ಮೇಗುತಿ ಗುಡ್ಡದ ಮೇಲಿರುವ ಜಿನಾಲಯದ ಗೋಡೆಯಲ್ಲಿ ಕ್ರಿ. ಶ. 634ರ ಶಾಸನವೊಂದುಂಟು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಕವಿ ರವಿಕೀರ್ತಿಯು ರಚಿಸಿದ ಈ ಶಾಸನವನ್ನು ಹೊತ್ತು ನಿಂತಿರುವ ಮರಳುಗಲ್ಲು ಸುಮಾರು ಹದಿನಾಲ್ಕು ಶತಮಾನಗಳ ಬಿಸಿಲು ಮಳೆಗಳನ್ನು ಕಂಡಿದೆ. ಐಹೊಳೆ, ಬಾದಾಮಿಗಳ ಈ ಕಲ್ಲಿಗೆ ಕೆಂಪು ಛಾಯೆ ಬಂದಿರುವುದು ಅದರಲ್ಲಿ ಬೆರೆತಿರುವ ಕಬ್ಬಿಣದ ಆಕ್ಸೈಡಿನಿಂದ. ಆ ಕೆಂಪು ಇನ್ನೂ ಮಾಸಿಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ತೋಟಗಳಲ್ಲಿ ದಾಳಿಂಬೆ ಬೆಳೆಯುತ್ತದೆ. ಅದರ ಕಾಳುಗಳ ಕೆಂಪು ಕಲ್ಲಿನ ಕೆಂಪಿಗಿಂತ ಎಷ್ಟೋ ಪಾಲು ಉಜ್ವಲವಾದದ್ದು. ಆದರೆ ದಾಳಿಂಬೆಯ ರಸಕ್ಕೆ ಸಾಬೂನಿನ ನೀರನ್ನು ಬೆರೆಸಿ ನೋಡಿದರೆ, ಆ ಕೆಂಪು ನಮ್ಮ ಕಣ್ಣೆದುರಿಗೇ ಕೆಟ್ಟು ಬೂದು, ಹಸಿರು, ಕಂದು ಛಾಯೆಗಳಿಗೆ ತಿರುಗುತ್ತದೆ. ಎರಡೂ ನಿಸರ್ಗವೇ ಕೊಟ್ಟ ಕೆಂಪುಗಳು. ಒಂದು ಶತಮಾನಗಳನ್ನು ತಾಳಿತು. ಇನ್ನೊಂದು ನಿಮಿಷವನ್ನೂ ತಾಳಲಿಲ್ಲ. ಈ ಭೇದಕ್ಕೆ ಕಾರಣವೇನು?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮನೆಗಳಲ್ಲಿಯೂ ಸಣ್ಣ ಸಂಘಗಳಲ್ಲಿಯೂ ಕೈಯಿಂದ ಸಾಬೂನು ಮಾಡಿ ಮಾರುವ ಉದ್ಯಮವು ಈಚಿನ ವರ್ಷಗಳಲ್ಲಿ ಬೆಳೆಯುತ್ತಿದೆ. ಇಂತಹ ಸಾಬೂನಿಗೆ ದಾಳಿಂಬೆ, ಪರಂಗಿ, ಕಿತ್ತಳೆ, ನೆಲ್ಲಿ ಮುಂತಾದ ಹಣ್ಣುಗಳ ಪುಡಿಯನ್ನು ಬೆರೆಸಿ ಬಣ್ಣವನ್ನೂ ತರಿಯನ್ನೂ ಕೊಡುವುದುಂಟು. ಹಣ್ಣಿನ ಹೆಸರನ್ನು ನೋಡಿ ಹೆಚ್ಚು ಬೆಲೆ ತೆತ್ತು ಕೊಳ್ಳುವವರೂ ಉಂಟು. ಯಾವ ಪುಡಿಯು ಸಾಬೂನಿನಲ್ಲಿ ಏನಾಗುತ್ತದೆ ಎಂಬುದನ್ನು ಅರಿಯದಿದ್ದರೆ ಮಾಡುವವರಿಗೆ ಹಣದ ನಷ್ಟ, ಕೊಳ್ಳುವವರಿಗೆ ಮೋಸ, ಕೆಲವೊಮ್ಮೆ ಬಳಸುವವರ ಚರ್ಮಕ್ಕೇ ಹಾನಿ.

ಕಾಯಿಪುಡಿಯ ಸ್ನಾನ ಹೊಸದಲ್ಲ

ಸಾಬೂನು ಬರುವುದಕ್ಕೆ ಬಹು ಹಿಂದಿನಿಂದಲೂ ನಮ್ಮ ಜನರು ಕಾಯಿಗಳ ಪುಡಿಯಿಂದಲೇ ಮೈಯನ್ನೂ ತಲೆಯನ್ನೂ ತೊಳೆದವರು. ಸೀಗೆಕಾಯಿ ಮತ್ತು ಅಂಟುವಾಳಕಾಯಿಗಳಲ್ಲಿ ಸಪೋನಿನ್ ಎಂಬ ದ್ರವ್ಯಗಳಿವೆ. ಇವುಗಳ ಅಣುವಿನ ಒಂದು ಭಾಗ ನೀರಿಗೂ ಇನ್ನೊಂದು ಭಾಗ ಎಣ್ಣೆಗೂ ಒಲಿಯುತ್ತದೆ. ಆದುದರಿಂದ ಅವು ನೊರೆ ಕೊಟ್ಟು ಜಿಡ್ಡನ್ನು ಬಿಡಿಸುತ್ತವೆ. ಆದರೆ ಈ ಕಾಯಿಗಳ ನೀರು ಸಾಬೂನಿನಂತೆ ಕ್ಷಾರವಲ್ಲ. ರೇಷ್ಮೆಯ ಸೆರಗುಳ್ಳ ಇಳಕಲ್ ಸೀರೆಯಂತಹ ವಸ್ತ್ರಗಳಿಗೆ ಸಾಬೂನಿಗಿಂತ ಅಂಟುವಾಳವೇ ಮೇಲು ಎನ್ನುವುದರ ಮರ್ಮ ಇಲ್ಲಿದೆ. ರೇಷ್ಮೆಯು ಪ್ರೋಟೀನಿನಿಂದಾದ ನೂಲು. ಕ್ಷಾರವು ಅದನ್ನು ಕ್ರಮೇಣ ಕೆಡಿಸುತ್ತದೆ.

ರೇಷ್ಮೆಯನ್ನು ಕೆಡಿಸುವ ಈ ಕ್ಷಾರಗುಣವೇ ಹಣ್ಣಿನ ಬಣ್ಣವನ್ನೂ ಕೆಡಿಸುವುದು. ಆದುದರಿಂದ ಮೊದಲು ಸಾಬೂನು ಹುಟ್ಟುವ ಬಗೆಯನ್ನು ತಿಳಿಯೋಣ.

ಸಾಬೂನು ಹುಟ್ಟುವ ಬಗೆ

ಎಣ್ಣೆಯ ಪ್ರತಿಯೊಂದು ಅಣುವೂ ಒಂದು ಗ್ಲಿಸರಿನ್ನಿಗೆ ಮೂರು ಮೇದಾಮ್ಲಗಳು ಕೂಡಿಕೊಂಡಿರುವ ಸಂಯುಕ್ತ. ಇದಕ್ಕೆ ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾವನ್ನು ಬೆರೆಸಿದಾಗ ಆ ಮೂರು ಕೊಂಡಿಗಳೂ ಕಳಚಿ, ಗ್ಲಿಸರಿನ್ ಬೇರೆಯಾಗುತ್ತದೆ. ಮೇದಾಮ್ಲಗಳು ಸೋಡಿಯಮ್ಮಿನೊಡನೆ ಕೂಡಿ ಸಾಬೂನಾಗುತ್ತವೆ. ಈ ಕ್ರಿಯೆಗೆ ಸಾಬೂನೀಕರಣವೆಂದು ಹೆಸರು. ಒಂದೊಂದು ಎಣ್ಣೆಗೆ ಬೇಕಾಗುವ ಸೋಡಾ ಬೇರೆ ಬೇರೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18.3 ಗ್ರಾಂ ಬೇಕು. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಬಳಕೆಯಲ್ಲಿರುವ ಕುಸುಬೆ ಎಣ್ಣೆಗೆ ಸುಮಾರು 13.6 ಗ್ರಾಂ ಸಾಕು. ತೆಂಗಿನೆಣ್ಣೆಯ ಸಾಬೂನು ಗಟ್ಟಿಯಾಗಿ ಸಮೃದ್ಧವಾದ ನೊರೆ ಕೊಡುತ್ತದೆ. ಕುಸುಬೆ ಎಣ್ಣೆಯದು ಮೃದು. ಆದುದರಿಂದ ಎರಡನ್ನೂ ಕೂಡಿಸಿ ಮಾಡುವುದು ಅನುಕೂಲ.

ಕ್ರಿಯೆಯೆಲ್ಲ ಮುಗಿದು ಸೋಡಾ ತೀರಿದ ಮೇಲೂ ಸಾಬೂನು ಕ್ಷಾರವಾಗಿಯೇ ಉಳಿಯುತ್ತದೆ. ಆಮ್ಲ ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ ಶುದ್ಧ ನೀರಿನ ಸ್ಥಾನ 7. ದಾಳಿಂಬೆಯ ರಸ ಸುಮಾರು 3ರಿಂದ 4; ನಮ್ಮ ಚರ್ಮದ ಮೇಲ್ಮೈ ಸುಮಾರು 5; ಕೈಯಿಂದ ಮಾಡಿದ ಸಾಬೂನಿನ ನೀರು ಸುಮಾರು 9ರಿಂದ 10. ಈ ಮಾನದಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು ಎಂಬುದನ್ನು ನೆನೆದರೆ, ಹಣ್ಣಿನ ಹುಳಿಯ ನೆಲೆಯಿಂದ ಸಾಬೂನಿನ ನೆಲೆಗೆ ಬಂದ ಬಣ್ಣದ ಅಣುವು ಎಂತಹ ಪರದೇಶಕ್ಕೆ ಬಂದಂತಾಯಿತೆಂಬುದು ಸ್ಪಷ್ಟವಾಗುತ್ತದೆ.

ಬಣ್ಣಗಳ ಮೂರು ಕುಲಗಳು

ಹಣ್ಣಿನ ಬಣ್ಣವೆಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರ ಹಿಂದೆ ಬೇರೆ ಬೇರೆ ಕುಲದ ದ್ರವ್ಯಗಳಿವೆ. ಅವುಗಳಲ್ಲಿ ಮೂರು ನಮಗೆ ಮುಖ್ಯ.

ಮೊದಲನೆಯದು ಅಂಥೋಸಯನಿನ್‌ಗಳ ಕುಲ. ದಾಳಿಂಬೆಯ ಕಾಳಿನ ಕೆಂಪು, ನೇರಳೆಹಣ್ಣಿನ ಊದಾ, ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಇವೆಲ್ಲ ಈ ಕುಲಕ್ಕೆ ಸೇರಿದವು. ಇವು ನೀರಿನಲ್ಲಿ ಕರಗುತ್ತವೆ. ಹುಳಿಯಲ್ಲಿ ಕೆಂಪಾಗಿರುವ ಇವುಗಳ ಅಣುವು ಕ್ಷಾರವನ್ನು ಸೇರಿದೊಡನೆ ತನ್ನ ಜಲಜನಕದ ಅಯಾನುಗಳನ್ನು ಕಳೆದುಕೊಂಡು ರಚನೆಯನ್ನೇ ಬದಲಿಸುತ್ತದೆ. ರಚನೆ ಬದಲಾದರೆ ಅದು ಹೀರುವ ಬೆಳಕೂ ಬದಲಾಗುತ್ತದೆ. ಆಗ ಕೆಂಪು ಹೋಗಿ ಊದಾ, ನೀಲಿ, ಹಸಿರು ತೋರುತ್ತವೆ. ಕ್ಷಾರ ಇನ್ನೂ ಪ್ರಬಲವಾದರೆ ಅಣುವಿನ ಉಂಗುರವೇ ಬಿರಿದು ಹಳದಿಯಾಗಿ, ಕೊನೆಗೆ ಮಂಕಾದ ಕಂದು ಉಳಿಯುತ್ತದೆ. ದಾಸವಾಳದ ದಳವನ್ನು ಉಜ್ಜಿದ ಕಾಗದದಿಂದ ಆಮ್ಲ ಕ್ಷಾರಗಳನ್ನು ಗುರುತಿಸುವ ಶಾಲೆಯ ಪ್ರಯೋಗವೂ ಇದೇ ಗುಣದ ಮೇಲೆ ನಿಂತದ್ದು. ಪ್ರಯೋಗಶಾಲೆಗೆ ಉಪಕಾರವಾದ ಈ ಚಂಚಲತೆಯು ಸಾಬೂನು ಮಾಡುವವರಿಗೆ ಅಪಕಾರವಾಯಿತು. ಬೀಟ್‌ರೂಟಿನ ಕೆಂಪು ಬೇರೆ ಕುಲದ್ದಾದರೂ ಅದಕ್ಕೂ ಇದೇ ಗತಿ. ಕ್ಷಾರದಲ್ಲಿ ಅದು ಹಳದಿಯಾಗಿ ಕೆಡುತ್ತದೆ.

ಎರಡನೆಯದು ಕೆರೋಟಿನಾಯಿಡ್‌ಗಳ ಕುಲ. ಪರಂಗಿ, ಮಾವು, ಕಿತ್ತಳೆಯ ಸಿಪ್ಪೆ, ಟೊಮ್ಯಾಟೊ ಇವುಗಳ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಇವುಗಳಿಂದ ಬಂದವು. ಇವು ನೀರಿನಲ್ಲಿ ಕರಗುವುದಿಲ್ಲ; ಎಣ್ಣೆಯಲ್ಲಿ ಕರಗುತ್ತವೆ. ಕ್ಷಾರಕ್ಕೆ ಇವು ಸುಲಭವಾಗಿ ಮಣಿಯುವುದಿಲ್ಲ. ರಸಾಯನಶಾಸ್ತ್ರಜ್ಞರು ಸಸ್ಯಗಳಿಂದ ಕೆರೋಟಿನಾಯಿಡ್‌ಗಳನ್ನು ಬೇರ್ಪಡಿಸುವಾಗ, ಜೊತೆಯಲ್ಲಿರುವ ಕೊಬ್ಬನ್ನು ತೊಲಗಿಸಲು ಅದನ್ನು ಬೇಕೆಂದೇ ಕ್ಷಾರದಿಂದ ಸಾಬೂನಾಗಿಸುತ್ತಾರೆ. ಕೊಬ್ಬು ಸಾಬೂನಾದರೂ ಬಣ್ಣ ಉಳಿಯುತ್ತದೆ. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಒಣಗಿಸಿ ಪುಡಿಮಾಡಿದ ಪರಂಗಿಯನ್ನೋ ಕಿತ್ತಳೆ ಸಿಪ್ಪೆಯನ್ನೋ ಬೆಚ್ಚಗಿನ ಎಣ್ಣೆಯಲ್ಲಿ ಕೆಲವು ಗಂಟೆಗಳ ಕಾಲ ನೆನೆಹಾಕಿ, ಆ ಎಣ್ಣೆಯಿಂದಲೇ ಸಾಬೂನು ಮಾಡಿದರೆ ತಿಳಿಹಳದಿ ಬಣ್ಣ ಬರುತ್ತದೆ. ಇವುಗಳ ಶತ್ರುಗಳು ಬೆಳಕು ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಕಿಟಕಿಯ ಬಳಿ ಇಟ್ಟ ಬಿಲ್ಲೆ ತಿಂಗಳುಗಳಲ್ಲಿ ಬಿಳಿಚಿಕೊಳ್ಳುತ್ತದೆ.

ಮೂರನೆಯದು ಟ್ಯಾನಿನ್‌ಗಳ ಕುಲ. ನಾಲಿಗೆಗೆ ಒಗರೆನಿಸುವ ದ್ರವ್ಯಗಳಿವು. ದಾಳಿಂಬೆಯ ಸಿಪ್ಪೆ, ನೆಲ್ಲಿಕಾಯಿ, ಅಳಲೆಕಾಯಿ ಇವುಗಳಲ್ಲಿ ಟ್ಯಾನಿನ್ ಹೇರಳವಾಗಿದೆ. ಕ್ಷಾರದ ನೆರವಿನಿಂದ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಇವು ಕಂದು ಬಣ್ಣಕ್ಕೆ ತಿರುಗುತ್ತವೆ. ಆದುದರಿಂದ ದಾಳಿಂಬೆ ಸಿಪ್ಪೆಯ ಪುಡಿಯಿಂದ ಸಾಬೂನಿಗೆ ಬರುವುದು ಮಣ್ಣಿನ ಛಾಯೆಯ ನಸುಗಂದು. ಕೆಂಪಿನಷ್ಟು ಮೋಹಕವಲ್ಲದಿದ್ದರೂ ಇದು ಅದಕ್ಕಿಂತ ಬಾಳಿಕೆಯ ಬಣ್ಣ. ಏಕೆಂದರೆ ಅದು ಕೆಟ್ಟು ತಲಪಬೇಕಾದ ನೆಲೆಯನ್ನು ಆಗಲೇ ತಲಪಿರುತ್ತದೆ.

ಇಳಕಲ್ ಸೀರೆಯ ಬಣ್ಣಗಳಲ್ಲಿ ದಾಳಿಂಬೆ ಕೆಂಪೆಂಬುದು ಹೆಸರಾಂತದ್ದು. ಆದರೆ ಬಣ್ಣಗಾರನಿಗೆ ದಾಳಿಂಬೆಯಿಂದ ದೊರೆಯುವುದು ಕೆಂಪಲ್ಲ. ಸಿಪ್ಪೆಯ ಕಷಾಯದಲ್ಲಿ ಪಟಿಕದ ಜೊತೆಗೆ ಅದ್ದಿದ ನೂಲು ಹಳದಿಯಾಗುತ್ತದೆ. ಅನ್ನಭೇದಿಯನ್ನು ಬೆರೆಸಿದರೆ ಬೂದು ಇಲ್ಲವೆ ಕಪ್ಪಾಗುತ್ತದೆ. ಹಣ್ಣು ತನ್ನ ಹೆಸರನ್ನು ಕೆಂಪಿಗೆ ಕೊಟ್ಟಿತು. ತನ್ನ ಬಣ್ಣವನ್ನು ಮಾತ್ರ ಹಳದಿಗೂ ಕಪ್ಪಿಗೂ ಕೊಟ್ಟಿತು. ಇಲ್ಲಿ ಪಟಿಕವು ವರ್ಣಬಂಧಕ. ಅಂದರೆ ಬಣ್ಣವನ್ನು ನೂಲಿಗೆ ಕಟ್ಟಿಹಾಕುವ ದ್ರವ್ಯ. ಸಾಬೂನಿನಲ್ಲಿ ಹೀಗೆ ಕಟ್ಟಿಹಾಕುವ ಏರ್ಪಾಡಿಲ್ಲ. ಬಣ್ಣವು ಕರಗಿಯೋ ಕಣಗಳಾಗಿಯೋ ಅದರ ನಡುವೆ ಹರಡಿಕೊಂಡಿರುತ್ತದೆಯಷ್ಟೆ.

ಕ್ಷಾರದಿಂದ ಬಣ್ಣ ಬದಲಾಗುವುದು ನಮ್ಮ ಮನೆಗಳಿಗೆ ಹೊಸ ಸಂಗತಿಯೇನಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರಾಗುತ್ತದೆ. ಸುಣ್ಣ ಮಾಡುವ ಕೆಲಸವನ್ನು ಸಾಬೂನೂ ಮಾಡುತ್ತದೆ. ಹಳದಿ ಸಾಬೂನಾಗಲೆಂದು ಅರಿಶಿನ ಹಾಕಿದವರಿಗೆ ಮೊದಲು ಇಟ್ಟಿಗೆಯ ಕೆಂಪು ಕಾಣಿಸುವುದು ಈ ಕಾರಣದಿಂದ.

ಸಿಹಿಯೂ ಹುಳಿಯೂ

ಹಣ್ಣಿನ ಪುಡಿಯೊಡನೆ ಬಣ್ಣ ಮಾತ್ರವೇ ಬರುವುದಿಲ್ಲ. ಸಕ್ಕರೆಯೂ ಆಮ್ಲವೂ ಬರುತ್ತವೆ. ತಿರುಳಿನ ಪುಡಿಯಲ್ಲಿ ಸಕ್ಕರೆ ಹೆಚ್ಚು. ಕ್ಷಾರದೊಡನೆ ಅದು ಕಂದಾಗುತ್ತದೆ. ಅಚ್ಚಿನಲ್ಲಿರುವ ಸಾಬೂನಿನ ಶಾಖವನ್ನೂ ಏರಿಸುತ್ತದೆ. ಪ್ರಮಾಣ ಮೀರಿದರೆ ಸಾಬೂನು ಉಬ್ಬಿ ಬಿರಿದು ಅಚ್ಚಿನಿಂದ ಹೊರಗೆ ಉಕ್ಕುವುದುಂಟು. ಇದಲ್ಲದೆ ತಿರುಳಿನ ಪುಡಿ ಗಾಳಿಯ ತೇವವನ್ನು ಹೀರಿ ಗಂಟುಕಟ್ಟುತ್ತದೆ. ಸಾಬೂನಿಗೆ ತಿರುಳಿಗಿಂತ ಸಿಪ್ಪೆಯ ಪುಡಿಯೇ ಲೇಸು ಎಂಬುದಕ್ಕೆ ಇದೊಂದು ಕಾರಣ.

ಆಮ್ಲದ ಲೆಕ್ಕವನ್ನು ಅಂಕಿಗಳಲ್ಲಿ ನೋಡೋಣ. 60 ಗ್ರಾಂ ತೆಂಗಿನೆಣ್ಣೆ, 40 ಗ್ರಾಂ ಕುಸುಬೆ ಎಣ್ಣೆ ತೆಗೆದುಕೊಂಡೆವೆನ್ನಿ. ಮೊದಲನೆಯದಕ್ಕೆ 10.98 ಗ್ರಾಂ, ಎರಡನೆಯದಕ್ಕೆ 5.44 ಗ್ರಾಂ, ಒಟ್ಟು 16.4 ಗ್ರಾಂ ಸೋಡಾ ಬೇಕು. ಆದರೆ ಸಾಬೂನಿನಲ್ಲಿ ಸೋಡಾ ಉಳಿದು ಚರ್ಮವನ್ನು ಸುಡದಿರಲೆಂದು ನೂರಕ್ಕೆ 5 ಪಾಲು ಕಡಮೆ ಮಾಡಿ 15.6 ಗ್ರಾಂ ಹಾಕುವುದು ವಾಡಿಕೆ. ಈಗ ಇದಕ್ಕೆ ಎರಡು ಮೂರು ನಿಂಬೆಹಣ್ಣಿನ ರಸದಲ್ಲಿರುವಷ್ಟು, ಎಂದರೆ 2 ಗ್ರಾಂ ಸಿಟ್ರಿಕ್ ಆಮ್ಲ ಸೇರಿತೆನ್ನಿ. ಒಂದು ಗ್ರಾಂ ಸಿಟ್ರಿಕ್ ಆಮ್ಲವು 0.625 ಗ್ರಾಂ ಸೋಡಾವನ್ನು ನುಂಗುತ್ತದೆ. ಎರಡು ಗ್ರಾಂ 1.25 ಗ್ರಾಂ ನುಂಗುತ್ತದೆ. ಆಗ ಎಣ್ಣೆಗೆ ಉಳಿಯುವುದು 14.35 ಗ್ರಾಂ ಮಾತ್ರ. ನೂರಕ್ಕೆ 5 ಪಾಲು ಉಳಿಯಬೇಕಾಗಿದ್ದ ಎಣ್ಣೆ ಈಗ ಸುಮಾರು 13 ಪಾಲು ಉಳಿಯಿತು. ಇದರಿಂದ ಅಪಾಯವಿಲ್ಲ, ಆದರೆ ಬಿಲ್ಲೆ ಮೆದುವಾಗುತ್ತದೆ, ಉಳಿದ ಎಣ್ಣೆ ಕ್ರಮೇಣ ಕಮಟುಹಿಡಿಯುತ್ತದೆ. ಸಾಬೂನಿನಲ್ಲಿ ನಿಂಬೆಯ ಹುಳಿ ಹುಳಿಯಾಗಿ ಉಳಿಯುವುದಿಲ್ಲವೆಂಬುದನ್ನೂ ಇದರಿಂದ ಅರಿಯಬಹುದು. ಅದು ಸೋಡಿಯಂ ಸಿಟ್ರೇಟ್ ಆಗಿರುತ್ತದೆ. ಈ ಲವಣದಿಂದ ಒಂದು ಉಪಕಾರವುಂಟು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನನ್ನು ಒಡೆದು ಬಿಳಿಯ ಗಸಿಯಾಗಿಸುತ್ತದೆಯಷ್ಟೆ. ಸಿಟ್ರೇಟ್ ಆ ಕ್ಯಾಲ್ಸಿಯಮ್ಮನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ.

ತರಿಯ ವಿಚಾರ

ಪುಡಿಯ ಇನ್ನೊಂದು ಪ್ರಯೋಜನ ಉಜ್ಜುವಿಕೆ. ಇಲ್ಲಿ ಮುಖ್ಯವಾದುದು ಕಣದ ಗಾತ್ರ. ಚರ್ಮದ ಅತ್ಯಂತ ಹೊರಗಿನ ಸತ್ತ ಜೀವಕೋಶಗಳ ಪದರವು ಮೈಯ ಹೆಚ್ಚಿನ ಭಾಗದಲ್ಲಿ ಸುಮಾರು 10ರಿಂದ 20 ಮೈಕ್ರಾನ್ ದಪ್ಪವಿದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಾಲು ಮಿಲಿಮೀಟರಿನ ಒಂದು ಬೀಜದ ಚೂರು ಆ ಪದರದ ಹತ್ತು ಪಟ್ಟಿಗಿಂತಲೂ ದೊಡ್ಡದು. ಅದರ ಅಂಚು ಚೂಪಾಗಿದ್ದರೆ ಗೀರು ನಿಶ್ಚಯ. ಆದುದರಿಂದ ಮುಖಕ್ಕೆ ಬಳಸುವ ಸಾಬೂನಿಗೆ ವಸ್ತ್ರಗಾಳಿತ ಪುಡಿಯೇ ಬೇಕು. ಒರಟಾದ ಬೀಜದ ಪುಡಿ ಅಂಗೈ ಅಂಗಾಲುಗಳಿಗೆ ಮಾತ್ರ ಸರಿ.

ನುಣುಪಾದ ಪುಡಿಯಿಂದ ಮತ್ತೊಂದು ಲಾಭವಿದೆ. ದ್ರವದಲ್ಲಿ ಸಣ್ಣ ಕಣವು ಮುಳುಗುವ ವೇಗ ಅದರ ವ್ಯಾಸದ ವರ್ಗದಂತೆ ಹೆಚ್ಚುತ್ತದೆ. ವ್ಯಾಸ ಎರಡರಷ್ಟಾದರೆ ವೇಗ ನಾಲ್ಕರಷ್ಟು. ಒರಟು ತರಿಯನ್ನು ತೆಳ್ಳಗಿರುವ ಸಾಬೂನಿಗೆ ಹಾಕಿದರೆ ಅದೆಲ್ಲ ತಳದಲ್ಲಿ ಕೂಡುತ್ತದೆ. ಮಿಶ್ರಣವು ದೋಸೆಹಿಟ್ಟಿನಷ್ಟು ಗಟ್ಟಿಯಾದ ಮೇಲೆ ಬೆರೆಸಿದರೆ ತರಿಯು ಎಲ್ಲೆಡೆ ಸಮನಾಗಿ ನಿಲ್ಲುತ್ತದೆ.

ಬೀಜದ ಪುಡಿಗೆ ಈಗ ಹೆಚ್ಚಿನ ಬೆಲೆ ಬಂದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮುಖ ತೊಳೆಯುವ ವಸ್ತುಗಳಲ್ಲಿ ಉಜ್ಜುವಿಕೆಗೆಂದು ಪ್ಲಾಸ್ಟಿಕ್ಕಿನ ಅತಿಸಣ್ಣ ಮಣಿಗಳನ್ನು ಬಳಸುವುದಿತ್ತು. ಅವು ಕೊಳೆಯುವುದಿಲ್ಲ; ಬಚ್ಚಲಿನಿಂದ ನದಿಗೆ, ನದಿಯಿಂದ ಕಡಲಿಗೆ ಹೋಗಿ ಜಲಚರಗಳ ಹೊಟ್ಟೆಯನ್ನು ಸೇರುತ್ತವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳು 2015ರಲ್ಲಿ ಇವುಗಳ ವಿರುದ್ಧ ಶಾಸನ ಮಾಡಿದವು. ಬ್ರಿಟನ್ನಿನಲ್ಲಿ 2018ರಲ್ಲಿ ನಿಷೇಧ ಬಂದಿತು. ಐಹೊಳೆಯ ಬಳಿ ಹರಿಯುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಆ ದಾರಿಯಲ್ಲಿ ದಾಳಿಂಬೆ ಬೀಜದ ಪುಡಿ ಕೊಳೆತು ಮಣ್ಣಾಗುತ್ತದೆ; ಪ್ಲಾಸ್ಟಿಕ್ಕಿನ ಮಣಿ ಮಣಿಯಾಗಿಯೇ ಉಳಿಯುತ್ತದೆ.

ಮಾಡುವ ಕ್ರಮ, ವಹಿಸಬೇಕಾದ ಎಚ್ಚರ

ದಾಳಿಂಬೆಯ ಸಿಪ್ಪೆಯನ್ನು ಒಳಗಿನ ಬಿಳಿಯ ಪೊರೆಯೊಡನೆ ಸಣ್ಣಗೆ ಹೆಚ್ಚಿ, ನೆರಳಿನಲ್ಲಿ ಮುರಿದರೆ ಚಟ್ಟೆನ್ನುವಂತೆ ಒಣಗಿಸಬೇಕು. ಬಳಿಕ ಕುಟ್ಟಿ ಬಟ್ಟೆಯಲ್ಲಿ ಗಾಳಿಸಬೇಕು. 100 ಗ್ರಾಂ ಎಣ್ಣೆಗೆ 1ರಿಂದ 2 ಗ್ರಾಂ ಪುಡಿ ಸಾಕು. ಪುಡಿಯನ್ನು ಮೊದಲು ಅದೇ ಎಣ್ಣೆಯ ಸ್ವಲ್ಪ ಭಾಗದಲ್ಲಿ ಕಲಸಿಕೊಂಡರೆ ಗಂಟಾಗುವುದಿಲ್ಲ.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಅದನ್ನು ಅಧ್ಯಾಪಕರ ಇಲ್ಲವೆ ತಿಳಿದ ಹಿರಿಯರ ಎದುರಿನಲ್ಲಿ, ಕನ್ನಡಕ ಮತ್ತು ಕೈಗವಸು ಧರಿಸಿಯೇ ಬಳಸತಕ್ಕದ್ದು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಎಂದಿಗೂ ಸುರಿಯಬಾರದು. ಕರಗುವಾಗ ಹುಟ್ಟುವ ಶಾಖದಿಂದ ನೀರು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಸೋಡಾ ಅದನ್ನು ತಿಂದು ಜಲಜನಕವನ್ನು ಬಿಡುತ್ತದೆ. ಕಬ್ಬಿಣದ ಪಾತ್ರೆಯೂ ಸಲ್ಲದು. ಸಿಪ್ಪೆಯ ಟ್ಯಾನಿನ್ ಕಬ್ಬಿಣವನ್ನು ಕೂಡಿ ಕಪ್ಪು ಕಲೆಯಾಗುತ್ತದೆ. ಹಿಂದೆ ಅಳಲೆಕಾಯಿಯನ್ನೂ ಅನ್ನಭೇದಿಯನ್ನೂ ಸೇರಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಸ್ಟೀಲಿನ ಪಾತ್ರೆ ಯೋಗ್ಯ. ಅಚ್ಚಿನಿಂದ ತೆಗೆದ ಸಾಬೂನನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವ ನೆರಳಿನಲ್ಲಿಟ್ಟು ಒಣಗಿಸಿದ ಬಳಿಕವೇ ಬಳಸಬೇಕು. ಮಾರುವ ಉದ್ದೇಶವಿರುವವರು 2020ರ ಸೌಂದರ್ಯವರ್ಧಕಗಳ ನಿಯಮಗಳಂತೆ ಪರವಾನಗಿ ಪಡೆಯಬೇಕಾಗುತ್ತದೆ.

ಹಣ್ಣಿನಿಂದ ಬಾರದ ಕೆಂಪನ್ನು ಕೆಮ್ಮಣ್ಣಿನಿಂದ ತರಬಹುದಲ್ಲವೆ ಎಂದು ವಾಚಕರು ಕೇಳಬಹುದು. ಕಬ್ಬಿಣದ ಆಕ್ಸೈಡು ಕ್ಷಾರಕ್ಕೂ ಬೆಳಕಿಗೂ ಮಣಿಯದೆಂಬುದು ನಿಜ. ಆದರೆ ನೆಲದಿಂದ ತೆಗೆದ ಕೆಮ್ಮಣ್ಣಿನಲ್ಲಿ ಸೀಸ, ಪಾಷಾಣ ಮುಂತಾದ ವಿಷವಸ್ತುಗಳು ಬೆರೆತಿರುವ ಸಂಭವವುಂಟು. ಆದುದರಿಂದ ಮೈಗೆ ಬಳಸುವ ವಸ್ತುಗಳಿಗೆ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ ಆಕ್ಸೈಡನ್ನೇ ಬಳಸುತ್ತಾರೆ. ನೈಸರ್ಗಿಕವಾದುದೆಲ್ಲ ನಿರಪಾಯವೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಮನೆಯಲ್ಲಿಯೇ ಪರೀಕ್ಷೆ

ಮೇಲೆ ಹೇಳಿದ್ದನ್ನೆಲ್ಲ ಸೋಡಾ ಮುಟ್ಟದೆಯೇ ಪರೀಕ್ಷಿಸಬಹುದು. ಮೂರು ಗಾಜಿನ ಲೋಟಗಳಲ್ಲಿ ಒಂದೊಂದು ಚಮಚ ದಾಳಿಂಬೆಯ ರಸ ಹಾಕಿ. ಮೊದಲನೆಯದಕ್ಕೆ ನಿಂಬೆರಸವನ್ನೂ ಎರಡನೆಯದಕ್ಕೆ ಬರಿಯ ನೀರನ್ನೂ ಮೂರನೆಯದಕ್ಕೆ ಸಾಬೂನಿನ ದಟ್ಟವಾದ ನೀರನ್ನೂ ಬೆರೆಸಿ. ಮೂರನೆಯ ಲೋಟದ ಬಣ್ಣವನ್ನು ಗಮನಿಸಿ. ಬಳಿಕ ಅದಕ್ಕೆ ಕೂಡಲೇ ನಿಂಬೆರಸ ಹಿಂಡಿದರೆ ಸ್ವಲ್ಪ ಕೆಂಪು ಮರಳಬಹುದು. ಒಂದು ದಿನ ಬಿಟ್ಟು ಹಿಂಡಿದರೆ ಮರಳುವುದು ಕಡಮೆ. ಅಣುವಿನ ರೂಪ ಬದಲಾಗುವುದಕ್ಕೂ ಅಣುವೇ ನಾಶವಾಗುವುದಕ್ಕೂ ಇರುವ ಅಂತರ ಇದರಿಂದ ಮನವರಿಕೆಯಾಗುತ್ತದೆ. ಸಿಪ್ಪೆಯ ಕಷಾಯಕ್ಕೆ ತುಕ್ಕುಹಿಡಿದ ಮೊಳೆಯೊಂದನ್ನು ಹಾಕಿಟ್ಟು ಮರುದಿನ ನೋಡಿದರೆ ಮಸಿಯ ಕಥೆಯೂ ತಿಳಿಯುತ್ತದೆ.

ಇನ್ನು ಅಂಗಡಿಯಲ್ಲಿ ಮಾಣಿಕ್ಯದಂತೆ ಕೆಂಪಾದ ದಾಳಿಂಬೆ ಸಾಬೂನನ್ನು ಕಂಡಾಗ ಏನೆಂದು ತಿಳಿಯಬೇಕು? ಅದು ನಿಜವಾದ ಸಾಬೂನಾಗಿದ್ದರೆ ಆ ಕೆಂಪು ದಾಳಿಂಬೆಯದಲ್ಲ, ಬೇರೊಂದು ಬಣ್ಣದ್ದು. ಕ್ಷಾರವಿಲ್ಲದ ಕೃತಕ ಮಾರ್ಜಕದ ಬಿಲ್ಲೆಗಳ ಮಾತು ಬೇರೆ. ಬೇರೆ ಬಣ್ಣ ಹಾಕುವುದು ತಪ್ಪಲ್ಲ. ಅದನ್ನು ಹಣ್ಣಿನ ಬಣ್ಣವೆಂದು ಹೇಳುವುದು ತಪ್ಪು. ಸಿಪ್ಪೆಯ ಪುಡಿಯಿಂದ ಪ್ರಾಮಾಣಿಕವಾಗಿ ಮಾಡಿದ ಸಾಬೂನು ನಸುಗಂದಾಗಿಯೇ ಇರುತ್ತದೆ.

ಹಣ್ಣಿನ ರಸ ತೆಗೆಯುವಲ್ಲಿ ಸಿಪ್ಪೆಯು ಬಹುಮಟ್ಟಿಗೆ ತಿಪ್ಪೆಯ ಪಾಲಾಗುತ್ತದೆ. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಸ್ಥಾಪಿತವಾಗಿರುವ ಈ ಸೀಮೆಯಲ್ಲಿ, ಹಣ್ಣಿನ ಯಾವ ಭಾಗವೂ ವ್ಯರ್ಥವಾಗಬಾರದೆಂದು ಬಯಸುವುದು ಸಹಜ. ಕಾಳಿನ ಕೆಂಪು ತಿನ್ನುವವರಿಗೆ ಸಲ್ಲಲಿ. ಸಾಬೂನಿಗೆ ಸಿಪ್ಪೆಯ ಕಂದು ಸಲ್ಲಲಿ. ಆ ಕಂದನ್ನು ಕಂದೆಂದೇ ಹೇಳಿ ಮಾರುವ ಮಾರಾಟಗಾರನೂ, ಅದರ ಕಾರಣವನ್ನು ತಿಳಿದು ಕೊಳ್ಳುವ ಗ್ರಾಹಕನೂ ಇದ್ದಲ್ಲಿ ಈ ಸಣ್ಣ ಉದ್ಯಮವು ಉಳಿದು ಬೆಳೆಯುವುದರಲ್ಲಿ ಸಂದೇಹವಿಲ್ಲ.